ಬಣ್ಣದಕ್ಕ ಮತ್ತು ಬದಲಾಗಬೇಕಿದ್ದ ಅರ್ಧ

ಮುಂದೆ ನಡೆದು ದೊಡ್ಡವರಾದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಿಂದೆ ನಡೆದು ದೊಡ್ಡವಳಾದವಳು ಬಣ್ಣದಕ್ಕ ಒಬ್ಬಳೇ. ಬಾಲ್‌ರೂಂ ನೃತ್ಯದ ಸ್ಪರ್ಧೆಗೆ ಬರುವ ಜೋಡಿಗಳಿಗೆ ಯಾವ ಬಣ್ಣ ಒಪ್ಪುತ್ತದೆಂದು ಆರಿಸಿ ಮುಖಕ್ಕೆ ಹಚ್ಚುವುದು ಅವಳ ಕಸುಬು. ಎರಡು ಗೀಟು ಎಳೆದಳೋ ಇಲ್ಲವೋ, ಬ್ರಶ್ಶನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಎದುರಿನ ಮುಖದಿಂದ ಕಣ್ಣು ಕೀಳದೆ, ಹಿಂದುಹಿಂದಕ್ಕೆ ಇಪ್ಪತ್ತು ಹೆಜ್ಜೆ ಹೋಗುವಳು. ಅಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, "ಥೂ" ಎಂದು ತೀರ್ಪು ಕೊಟ್ಟು ಮುಂದಕ್ಕೆ ಬರುವಳು. ಒಂದು ಮುಖ ಮುಗಿಯುವಷ್ಟರಲ್ಲಿ ಇಂಥ ದಂಡಯಾತ್ರೆ ಹತ್ತು ಹನ್ನೆರಡಾದರೂ ಆಗುತ್ತಿತ್ತು.

ಬಟ್ಟೆ ಬದಲಿಸುವ ಕೋಣೆ ಎಲ್ಲಿಯಾದರೂ ಇಪ್ಪತ್ತು ಹೆಜ್ಜೆ ಉದ್ದ ಇರುತ್ತದೆಯೇ? ಏಳನೆಯ ಹೆಜ್ಜೆಗೆ ಬಾಗಿಲು, ಹನ್ನೊಂದಕ್ಕೆ ಓಣಿ, ಆಮೇಲೆ ಎದುರಿಗೆ ಏನಿದೆಯೋ ಅದು. ಒಂದು ಸಭಾಭವನದಲ್ಲಿ ಎದುರಿಗೆ ಗಂಡಸರ ಶೌಚಾಲಯ ಇತ್ತು. ಅವತ್ತು ಒಳಗಿದ್ದ ಮೂವರು ಹಿರಿಯರು ಇವತ್ತಿಗೂ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಆಮೇಲೇ ಮುಂದಿನ ಕೆಲಸಕ್ಕೆ ಇಳಿಯುತ್ತಾರಂತೆ. ಇನ್ನೊಮ್ಮೆ ಓಣಿಯ ಬೆಂಚಿನಲ್ಲಿ ಬ್ರೆಡ್ಡು ತಿನ್ನುತ್ತಿದ್ದ ತೀರ್ಪುಗಾರ್ತಿಯ ತೊಡೆಯ ಮೇಲೆ ಹೋಗಿ ಕುಳಿತವಳು, ನೋಡುವುದು ಮುಗಿಯುವ ತನಕ ಏಳಲಿಲ್ಲ. ಜೊತೆಗೆ "ಸ್ವಲ್ಪ ಅಲುಗಾಡದೆ ಕೂತ್ಕೊಳ್ಳಿ" ಎಂದೂ ಹೇಳಿದಳಂತೆ. ಹಿಂದೆ ಮೆಟ್ಟಿಲಿದೆ ಎಂದು ತಿಳಿಯದೆ ಹನ್ನೊಂದು ಮೆಟ್ಟಿಲು ಹಿಮ್ಮುಖವಾಗಿ ಇಳಿದು, ಕೆಳಗಿನಿಂದ "ಎಡಗೆನ್ನೆ ಜಾಸ್ತಿಯಾಯ್ತು" ಎಂದು ಕೂಗಿದ ಕಥೆಯೂ ಇದೆ. ಬಿದ್ದ ಸದ್ದು ಮಾತ್ರ ಯಾರಿಗೂ ಕೇಳಿಸಿರಲಿಲ್ಲ.

ಇದಕ್ಕೆಲ್ಲ ಕಾರಣ ಕೇಳಿದರೆ ಅವಳ ಉತ್ತರ ಒಂದೇ. "ತೀರ್ಪುಗಾರರು ನಿನಗೆ ಮುತ್ತು ಕೊಡೋಕೆ ಬರಲ್ಲ. ದೂರ ನಿಂತು ನೋಡ್ತಾರೆ. ದೂರಕ್ಕೆ ಏನು ಕಾಣುತ್ತೋ ಅದೇ ನಿನ್ನ ಮುಖ. ಹತ್ತಿರದ್ದನ್ನ ಮನೆಗೆ ತಗೊಂಡು ಹೋಗು."

ಈ ವಿದ್ಯೆ ಅವಳಿಗೆ ಬಂದದ್ದು ಹದಿನಾರನೇ ವಯಸ್ಸಿನಲ್ಲಿ, ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸುವ ಗೊಂಬೆಗಳಿಗೆ ಕಣ್ಣು ಹುಬ್ಬು ಬರೆಯುವಾಗ. ರಸ್ತೆಯ ಆಚೆ ಬದಿಯಲ್ಲಿ ಹೋಗುವ ಹೆಂಗಸು ಆ ಗೊಂಬೆಯನ್ನು ಕಂಡು ಈಚೆ ಬದಿಗೆ ದಾಟಿ ಬರಬೇಕು, ಅದು ಅಂಗಡಿಯವನ ಕರಾರು. ಹೀಗಾಗಿ ಒಂದು ಹುಬ್ಬು ಬರೆದು ರಸ್ತೆ ದಾಟುವುದು, ನೋಡುವುದು, ಮತ್ತೆ ದಾಟಿ ಬರುವುದು. ಹದಿನಾಲ್ಕು ವರ್ಷ ಹೀಗೆ ರಸ್ತೆ ದಾಟಿದಳು. ಆ ಗೊಂಬೆಗಳ ನಂತರ ಅವಳ ಕೈಗೆ ಸಿಕ್ಕ ಮೊದಲ ಜೀವಂತ ಮುಖ ಸ್ವಂತ ತಮ್ಮನದು. ಅವನಿಗೆ ಬಾಲ್‌ರೂಂ ಕುಣಿತದ ಹುಚ್ಚು ಹಿಡಿದಿತ್ತು. "ಅವನಿಗೊಂದಿಷ್ಟು ಬಣ್ಣ ಹಚ್ಚಿಕೊಡು" ಎಂದು ಅಮ್ಮ ಹೇಳಿದಳು. ಹಚ್ಚಿಕೊಟ್ಟಳು. ಗೊಂಬೆಗೂ ತಮ್ಮನಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಗೊಂಬೆ ಕಡಿಮೆ ಮಾತಾಡುತ್ತಿತ್ತು ಅಷ್ಟೇ.

ಅಂದಿನಿಂದ ಮೂವತ್ತು ವರ್ಷ ಅವಳು ಮುಖಗಳನ್ನು ಬೈಯುತ್ತಲೇ ಬಂದಳು. "ನಿನ್ನ ಗದ್ದ ಎಲ್ಲಿ, ಬಸ್ಸಲ್ಲಿ ಬಿಟ್ಟು ಬಂದೆಯಾ?" "ಈ ಮೂಗಿಗೆ ನಾನೇನೂ ಮಾಡೋ ಹಾಗಿಲ್ಲ, ಬಲಕ್ಕೆ ತಿರುಗೋದನ್ನೇ ಬಿಡು." ಬೈಸಿಕೊಂಡವರು ಅತ್ತುಕೊಂಡು ಎದ್ದು ಹೋಗಿ, ಬಹುಮಾನದ ಕಪ್ ಗೆದ್ದು, ಮುಂದಿನ ಸಲ ಮೊದಲ ಸರದಿಗೆ ಬಂದು ಕೂರುತ್ತಿದ್ದರು.

ಹೀಗೆ ಬೈಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಹಳಬಳು ಆ ತಮ್ಮನ ಹೆಂಡತಿ. ಇಪ್ಪತ್ತೆರಡು ವರ್ಷದಿಂದ ಗಂಡನ ಜೊತೆಗೇ ಕುಣಿಯುತ್ತಿದ್ದಳು. ನೃತ್ಯಶಾಲೆಗೆ ಸೇರಿದ ದಿನ ಯಾರೋ ಅವಳಿಗೆ ಚಿಟ್ಟೆ ಎಂದು ಹೆಸರಿಟ್ಟರು. ಈಗ ನಲವತ್ತೊಂಬತ್ತು ತುಂಬಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಕರೆಯುವವರ ತುಟಿಯ ತುದಿಯಲ್ಲಿ ಒಂದು ನಗು ಮಾತ್ರ ಹೊಸದಾಗಿ ಸೇರಿತ್ತು. ಗಂಡನನ್ನು ಎಲ್ಲರೂ ಹೀರೋ ಎನ್ನುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಮುಂದಿನ ವರ್ಷದ ದೊಡ್ಡ ಸ್ಪರ್ಧೆಗೆ ನೃತ್ಯಶಾಲೆಯಿಂದ ಹೋಗಬಹುದಾದದ್ದು ಒಂದೇ ಜೋಡಿ. ಶಾಲೆಯ ಮೇಷ್ಟ್ರು ಹೆಚ್ಚು ಮಾತಿನವರಲ್ಲ. ಅಭ್ಯಾಸ ಮುಗಿದ ಒಂದು ಸಂಜೆ, ಬೂಟು ಬಿಚ್ಚುತ್ತಿದ್ದವರ ನಡುವೆ ನಿಂತು, ಹೀರೋ ಮತ್ತು ಚಿಟ್ಟೆಯ ಕಡೆ ಕೋಲು ತೋರಿಸಿ ಹೇಳಿದರು. "ಭಾನುವಾರದ ಸ್ಪರ್ಧೇಲಿ ನಾನು ಮೇಲಿನ ಗ್ಯಾಲರಿಯಿಂದ ನೋಡ್ತೀನಿ. ಜೋಡಿಗೆ ವಯಸ್ಸಾಗಿದೆ ಅನ್ನಿಸಿದ್ರೆ ಅರ್ಧ ಬದಲಾಯಿಸ್ತೀನಿ. ಉಳಿದರ್ಧ ದೊಡ್ಡ ಸ್ಪರ್ಧೆಗೆ ಹೋಗುತ್ತೆ."

ಕೋಣೆಯಲ್ಲಿದ್ದ ಹದಿನೆಂಟು ಜನರೂ ಒಟ್ಟಿಗೆ ಚಿಟ್ಟೆಯ ಕಡೆ ತಿರುಗಿದರು. ಯಾವ ಅರ್ಧ ಎಂದು ಕೇಳುವ ಅಗತ್ಯ ಒಬ್ಬರಿಗೂ ಕಾಣಲಿಲ್ಲ. ಚಿಟ್ಟೆಗೂ ಕಾಣಲಿಲ್ಲ. ಆರು ತಿಂಗಳ ಹಿಂದೆ ಸೇರಿದ, ಇಪ್ಪತ್ತಮೂರು ವರ್ಷದ ಹೊಸ ಹುಡುಗಿಯೊಬ್ಬಳು ಮೂಲೆಯಲ್ಲಿ ಕುಳಿತು ಬೂಟಿನ ಪಟ್ಟಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಗಿಯುತ್ತಿದ್ದಳು. ಹೀರೋ ನಿಟ್ಟುಸಿರು ಬಿಟ್ಟ. ದುಃಖದ ನಿಟ್ಟುಸಿರೇ, ಆದರೆ ಉಸಿರು ಬಿಟ್ಟ ಮೇಲೆ ಅವನ ಎದೆ ಮೊದಲಿಗಿಂತ ಎರಡು ಬೆರಳು ಉಬ್ಬಿತ್ತು.

ಶನಿವಾರ ಬಣ್ಣದಕ್ಕ ತನ್ನ ರೂಢಿಯಂತೆ ಖಾಲಿ ಸಭಾಭವನಕ್ಕೆ ಹೋಗಿ ದೀಪಗಳನ್ನು ಹಾಕಿಸಿದಳು. ಹಳೆಯ ಬಿಳಿ ದಿಂಬಿನ ಚೀಲ ಹರಿದು ಮಾಡಿದ ಪಟ್ಟಿಗಳು ಅವಳ ಚೀಲದಲ್ಲಿ ಸದಾ ಇರುತ್ತಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ನಂಬರು ಹಾಕಿದ್ದವು. ಅವನ್ನು ನೆಲದ ನಡುವೆ ಒಂದು ಕುರ್ಚಿಗೆ ಪಿನ್ನು ಚುಚ್ಚಿ, ಗೋಡೆಯ ತನಕ ಹಿಂದೆ ಸರಿದು ನೋಡಿದಳು. ಆ ಭವನದ ದೀಪಗಳು ಬಿಳುಪು, ನೆತ್ತಿಯಿಂದ ನೇರ ಬೀಳುವಂಥವು. ಗುಲಾಬಿ ಬಣ್ಣವನ್ನು ಅವು ನುಂಗಿ ನೀರು ಕುಡಿದವು. ತಿಳಿ ಬಣ್ಣ ಸತ್ತೇ ಹೋಯಿತು. ಮಣ್ಣಿನ ಕೆಂಪು ಮತ್ತು ನೇರಳೆ ಬೆರೆಸಿದ ನಾಲ್ಕನೇ ಪಟ್ಟಿ ಮಾತ್ರ ಎದ್ದು ನಿಂತು ಮಾತಾಡಿತು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಚಿಟ್ಟೆ ಒಂದು ಗಂಟೆ ಮುಂಚೆಯೇ ಬಂದು ಕುರ್ಚಿಯಲ್ಲಿ ಕುಳಿತಳು. ಕನ್ನಡಿಗೆ ಟವೆಲ್ ಹೊದಿಸಿತ್ತು. ಕೆಲಸ ಮುಗಿಯುವ ತನಕ ಕನ್ನಡಿ ತೋರಿಸಬಾರದು ಎನ್ನುವುದು ಬಣ್ಣದಕ್ಕನ ಕಟ್ಟಪ್ಪಣೆ.

"ಅತ್ತಿಗೆ, ಇವತ್ತು ಗುಲಾಬಿ ಹಾಕಿ. ಹೊಸ ಹುಡುಗಿ ಗುಲಾಬಿನೇ ಹಾಕ್ಕೊಂಡಿದ್ದಾಳೆ."

"ಅವಳಿಗೆ ಇಪ್ಪತ್ತಮೂರು. ಸುಣ್ಣ ಬಳ್ಕೊಂಡ್ರೂ ನಡೆಯುತ್ತೆ. ನೀನು ಗುಲಾಬಿ ಹಾಕ್ಕೊಂಡ್ರೆ ಜ್ವರದಿಂದ ಎದ್ದು ಬಂದ ಹಾಗಿರ್ತೀಯ. ಕತ್ತು ಎತ್ತು."

ಕತ್ತೆತ್ತಿದಳು. ಬಣ್ಣದಕ್ಕ ಅವಳ ಗದ್ದದ ಕೆಳಗಿನ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು, ದರ್ಜಿ ಬಟ್ಟೆ ಹಿಡಿದು ನೋಡುವ ಹಾಗೆ ನೋಡಿ ಬಿಟ್ಟಳು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಚಿಟ್ಟೆಗೆ.

ಮುಖಕ್ಕೆ ತಳದ ಬಣ್ಣ ಬಿತ್ತು, ಹುಬ್ಬು ಎದ್ದಿತು. ಎರಡು ಸಲ ಹೆಜ್ಜೆಗಳು ಓಣಿಗೆ ಹೋಗಿ ಬಂದವು. ಅಂಟಿಸುವ ರೆಪ್ಪೆಗಳ ಡಬ್ಬಿ ತೆರೆಯುತ್ತ ಬಣ್ಣದಕ್ಕ ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು.

"ನಿನ್ನೆ ನಿನ್ನ ಗಂಡ ನಮ್ಮನೆಗೆ ಬಂದಿದ್ದ."

"ಯಾಕೆ ಅತ್ತಿಗೆ?"

"ನಿನ್ನನ್ನ ಮುದುಕಿ ಥರ ಕಾಣೋ ಹಾಗೆ ಮಾಡು ಅಂತ ಹೇಳೋಕೆ. ಕಣ್ಣು ಮುಚ್ಚು."

ಕಣ್ಣು ಮುಚ್ಚಿದಳು. ಇಪ್ಪತ್ತೆರಡು ವರ್ಷದ ಅಭ್ಯಾಸ. ಆ ದನಿ ಮುಚ್ಚು ಎಂದರೆ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ತಣ್ಣಗಿನ ಅಂಟು ರೆಪ್ಪೆಯ ಅಂಚಿಗೆ ಹತ್ತಿದ ಮೇಲೆ ಮಾತು ಅವಳ ಒಳಗೆ ಇಳಿಯಿತು.

"ಮುದುಕಿ ಥರ ಅಂದ್ರಾ? ಅದೇ ಮಾತಾ?"

"ಅವನು ಇನ್ನೂ ಉದ್ದಕ್ಕೆ ಹೇಳಿದ. ಮೇಷ್ಟ್ರಿಗೆ ತೀರ್ಮಾನ ಸುಲಭ ಆಗ್ಲಿ, ನಿನಗೂ ಮಂಡಿ ನೋವು, ನಿನ್ನ ಒಳ್ಳೇದಕ್ಕೇ ಅಂತೆಲ್ಲ. ನಾನು ಚಿಕ್ಕದು ಮಾಡಿ ಹೇಳ್ದೆ. ಅಳಬೇಡ, ಅಂಟು ಒಣಗಿಲ್ಲ."

ಅಳಲಿಲ್ಲ. ಅತ್ತರೆ ನಾಲ್ಕು ಜೊತೆ ರೆಪ್ಪೆಯ ಪೈಕಿ ಎರಡು ಜೊತೆ ಕೆನ್ನೆಗೆ ಇಳಿಯುತ್ತವೆ ಎಂದು ಅವಳಿಗೆ ಗೊತ್ತು. ತುಟಿ ಅಲುಗದಂತೆ ಕೇಳಿದಳು.

"ನೀವು ಏನಂದ್ರಿ?"

"ಹೂಂ ಅಂದೆ."

"ಹೂಂ ಅಂದ್ರಾ?"

"ಅವನು ಹುಟ್ಟಿದಾಗಿನಿಂದ ಹೂಂ ಅಂತಾನೇ ಬಂದಿದೀನಿ. ಇಲ್ಲ ಅಂದ್ರೆ ಕೂತ್ಕೊಂಡು ಇನ್ನೂ ಮಾತಾಡ್ತಾನೆ. ತುಟಿ ಮುಚ್ಚು, ಗೀಟು ಹೋಗುತ್ತೆ."

ಮುಚ್ಚಿದ ಕಣ್ಣಿನ ಕತ್ತಲಲ್ಲಿ ಚಿಟ್ಟೆ ಕುಳಿತೇ ಇದ್ದಳು. ಕೆನ್ನೆಯ ಕೆಳಗೆ ಬ್ರಶ್ಶು ಹಿಂದೆಂದೂ ಹೋಗದ ಜಾಗಗಳಿಗೆ ಹೋಗುತ್ತಿತ್ತು. ಮೂಗಿನ ಎರಡೂ ಬದಿ. ಕಣ್ಣಿನ ಹೊರಮೂಲೆ. ದವಡೆಯ ಉದ್ದಕ್ಕೂ. ಒಂದೊಂದು ಗೀಟೂ ಒಂದೊಂದು ವರ್ಷ ಎಂದು ಅವಳು ಲೆಕ್ಕ ಹಾಕತೊಡಗಿದಳು. ಅರುವತ್ತೆಂಟಕ್ಕೆ ಬಂದು ನಿಲ್ಲಿಸಿದಳು. ಹೆಜ್ಜೆಗಳು ದೂರ ಹೋಗುವವು, ಓಣಿಯಲ್ಲಿ ಯಾರೋ ಬದಿಗೆ ಸರಿಯುವರು, ಆಮೇಲೆ ಥೂ. ಯಾವ ಮುಖಕ್ಕೆ ಥೂ ಎನ್ನುತ್ತಿದ್ದಾಳೆ? ಮುದುಕಿ ಸಾಲದೆಂದೋ, ಜಾಸ್ತಿಯಾದಳೆಂದೋ? ಎದ್ದು ಓಡಬಹುದಿತ್ತು. ಆದರೆ ಅರ್ಧ ಮುಖದಲ್ಲಿ ಓಡಿಹೋದ ಹೆಂಗಸನ್ನು ಯಾವ ಗ್ಯಾಲರಿಯಿಂದ ನೋಡಿದರೂ ಕಾಣುವುದು ಸೋಲೇ.

ಕೊನೆಗೆ ಬಣ್ಣದಕ್ಕ ಟವೆಲ್ ಎಳೆದಳು.

ಕನ್ನಡಿಯಲ್ಲಿದ್ದದ್ದು ಮುಖವಲ್ಲ, ಉತ್ತ ಹೊಲ. ದವಡೆಗೆ ಕೆಮ್ಮಣ್ಣಿನ ಸಾಲು, ಕೆನ್ನೆಯ ಕೆಳಗೆ ಗಾಯ ಮಾಗುವಾಗಿನ ನೇರಳೆ, ಕಣ್ಣಿನ ಮೂಲೆಯಿಂದ ಕಿವಿಯ ಕಡೆಗೆ ಎರಡು ದಪ್ಪ ಕಪ್ಪು ಗೆರೆ. ಸ್ಪರ್ಧೆಯ ಬಣ್ಣ ಹತ್ತಿರದಿಂದ ಚೆನ್ನಾಗಿ ಕಾಣುವುದಿಲ್ಲ ಎನ್ನುವುದು ಚಿಟ್ಟೆಗೆ ಹೊಸದಲ್ಲ. ಆದರೆ ಇಷ್ಟು ವರ್ಷದಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಅವಳ ಕೈ ಮೇಜಿನ ಮೇಲಿದ್ದ ಒದ್ದೆ ಬಟ್ಟೆಗೆ ಹೋಯಿತು.

"ಒರೆಸ್ಕೋ," ಎಂದಳು ಬಣ್ಣದಕ್ಕ, ಬ್ರಶ್ಶು ತೊಳೆಯುತ್ತ. "ನಿನ್ನ ಮುಖ, ನಿನ್ನಿಷ್ಟ. ಇನ್ನೊಂದು ಹಾಕೋಕೆ ಟೈಮಿಲ್ಲ, ಬರಿ ಮುಖದಲ್ಲಿ ಹೋಗ್ಬೇಕಾಗುತ್ತೆ."

"ಅತ್ತಿಗೆ, ಒಂದೇ ಮಾತು ಹೇಳಿ. ನೀವು ಮಾಡಿದ್ದು ನನ್ನ ಮಾತಾ, ಅವರ ಮಾತಾ?"

"ದೀಪದ ಮಾತು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹೀರೋ ಬಂದ. ತಡವಾಗಿತ್ತು. ಓಣಿಯ ಕೊನೆಯಲ್ಲಿ ಹೊಸ ಹುಡುಗಿಗೆ ಒಂದು ತಿರುವು ಹೇಳಿಕೊಡುತ್ತಿದ್ದ. ಆ ತಿರುವಿಗೆ ಸೊಂಟ ಹಿಡಿಯದೆ ಬೇರೆ ದಾರಿಯಿರಲಿಲ್ಲ. ಬಂದವನು ಹೆಂಡತಿಯ ಮುಖ ನೋಡಿದ. ಒಂದು ಗಳಿಗೆ ಅವನಿಗೇ ಹೆದರಿಕೆಯಾಯಿತು. ಆಮೇಲೆ ಅಕ್ಕನ ಕಡೆ ತಿರುಗಿ, ಉಪಕಾರ ಸ್ಮರಿಸುವವನ ಹಾಗೆ ಕಣ್ಣು ಮಿಟುಕಿಸಿದ. ಚಿಟ್ಟೆ ಅದನ್ನು ಕನ್ನಡಿಯಲ್ಲಿ ಕಂಡಳು. ಒದ್ದೆ ಬಟ್ಟೆಯನ್ನು ಮೇಜಿನ ಮೇಲೆ ವಾಪಸ್ಸು ಇಟ್ಟಳು. ಅವನು ಇಷ್ಟು ಖುಷಿಪಟ್ಟ ಮುಖವನ್ನು ಅವನ ಕಣ್ಣಿಗೆ ಇನ್ನೂ ಅರ್ಧ ಗಂಟೆ, ಒಂದು ಗೇಣು ದೂರದಲ್ಲಿ ಹಿಡಿಯಬೇಕು ಎನ್ನುವ ಕೆಟ್ಟ ಆಸೆ ಅವಳಲ್ಲಿ ಹುಟ್ಟಿತು.

"ಅಕ್ಕ, ಬೇಗ ಹಚ್ಚು. ಹೋದ ವರ್ಷ ಗೆದ್ದ ಹುಡುಗ ಇದ್ನಲ್ಲ, ಅವನ ಥರ ಕಡು ಕಂದು. ಕೂದಲಿಗೂ ಕಪ್ಪು ಸರಿಯಾಗಿ ಬರ್ಲಿ."

"ಆ ಕಂದು ಇಲ್ಲಿಗೆ ಬೇಡ ಕಣೋ. ಬೇರೆಯದು ಹಾಕ್ತೀನಿ."

"ನನಗೆ ಗೊತ್ತಿಲ್ವಾ ಅಕ್ಕ? ಮೂವತ್ತು ವರ್ಷ ಕುಣಿದಿದೀನಿ."

"ಹೂಂ," ಎಂದಳು ಅಕ್ಕ.

ಹಚ್ಚಿದಳು. ಒಂಬತ್ತು ನಿಮಿಷ. ಅವನಿಗಾಗಿ ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅವನು ತನ್ನ ಮುಖವನ್ನು ಕನ್ನಡಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ ಹಿಡಿದು ನೋಡಿಕೊಂಡು ಬಹಳ ಮೆಚ್ಚಿದ. ಚಿಟ್ಟೆ ಎದ್ದು ಅವನ ಬೆನ್ನಿಗೆ ಸ್ಪರ್ಧೆಯ ನಂಬರಿನ ಬಟ್ಟೆಯನ್ನು ನಾಲ್ಕು ಪಿನ್ನಿನಿಂದ ಸಿಕ್ಕಿಸಿದಳು. ನಾಲ್ಕು ಸಲವೂ ಬೆನ್ನಿನ ಚರ್ಮ ಎಷ್ಟು ಹತ್ತಿರವಿದೆ ಎಂದು ಯೋಚಿಸಿದಳು. ನಾಲ್ಕು ಸಲವೂ ನೇರವಾಗಿಯೇ ಚುಚ್ಚಿದಳು.

ವಾಲ್ಟ್ಸ್ ಕುಣಿತ ಶುರುವಾಯಿತು. ನೆತ್ತಿಯ ಬಿಳಿ ದೀಪಗಳು ನೆಲದ ಮೇಲಿದ್ದ ಹನ್ನೆರಡು ಜೋಡಿಗಳ ಮೇಲೆ ಏಕಕಾಲಕ್ಕೆ ಎರಗಿದವು. ಗುಲಾಬಿ ಬಳಿದುಕೊಂಡವರ ಮುಖಗಳು ಮೊದಲ ಸುತ್ತಿಗೇ ಮಾಯವಾದವು. ದೂರಕ್ಕೆ ಕಂಡದ್ದು ಕಣ್ಣು ಮೂಗಿಲ್ಲದ ಹಿಟ್ಟಿನ ಉಂಡೆಗಳು. ಬೇರೊಬ್ಬನ ಜೊತೆ ಕುಣಿಯುತ್ತಿದ್ದ ಹೊಸ ಹುಡುಗಿಯೂ ಆ ಉಂಡೆಗಳಲ್ಲಿ ಒಂದಾದಳು. ಚಿಟ್ಟೆಯ ದವಡೆಯ ಕೆಮ್ಮಣ್ಣು ಮಾತ್ರ ದೀಪ ಬಿದ್ದೊಡನೆ ಕರಗಿ ನೆರಳಾಯಿತು. ನೇರಳೆ ಕೆನ್ನೆಯನ್ನು ಮೇಲೆತ್ತಿತು. ಗದ್ದದ ಕೆಳಗಿನ ಸಡಿಲು ಇಲ್ಲವಾಯಿತು. ಅವಳಿಗೆ ಇದೊಂದೂ ತಿಳಿಯದು. ತಾನು ಅರುವತ್ತೆಂಟರ ಮುದುಕಿ ಎಂದೇ ನಂಬಿ, ಇಪ್ಪತ್ತೆರಡು ವರ್ಷ ತುಟಿಗೆ ಅಂಟಿಸಿಕೊಂಡಿದ್ದ ನಗುವನ್ನು ಕಿತ್ತೊಗೆದು, ಕತ್ತು ನೆಟ್ಟಗೆ ಮಾಡಿ, ಸಿಟ್ಟಿನಿಂದ ಕುಣಿದಳು. ಸಿಟ್ಟು ಅವಳ ಮಂಡಿಗೆ ಔಷಧಿಯ ಹಾಗೆ ಕೆಲಸ ಮಾಡಿತು.

ಹೀರೋಗೆ ಎರಡನೇ ಸುತ್ತಿನಲ್ಲಿ ಬೆವರು ಬಂತು. ಕಡು ಕಂದು ಹಣೆಯಿಂದ ಹೊರಟು, ದಾರಿಯಲ್ಲಿ ಸಿಕ್ಕಿದ ಪ್ರತಿಯೊಂದು ಸುಕ್ಕಿನಲ್ಲೂ ತಂಗಿ ಇಳಿಯಿತು. ಅವನಿಗೆ ಇಷ್ಟು ಸುಕ್ಕುಗಳಿದ್ದವು ಎಂದು ಅವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ. ಈಗ ನಕ್ಷೆ ಬರೆದು ತೋರಿಸಿದಂತಾಯಿತು. ಕೂದಲಿನ ಕಪ್ಪು ಕಿವಿಯ ಹಿಂದಿನಿಂದ ಬಂದು ಬಿಳಿ ಕಾಲರಿನ ಮೇಲೆ ಸಹಿ ಹಾಕಿತು. ನಾಲ್ಕನೇ ಸುತ್ತಿಗೆ ಮುಖ ಒಣಗಿದ ಕೆರೆಯ ತಳದ ಹಾಗಿತ್ತು, ನಡುವೆ ಹಲ್ಲು ಮಾತ್ರ ನಗುತ್ತಿತ್ತು.

ಗ್ಯಾಲರಿಯಲ್ಲಿ ಮೇಷ್ಟ್ರ ಪಕ್ಕ ಕುಳಿತಿದ್ದ ಅಜ್ಜಿಯೊಬ್ಬರು ತಮ್ಮ ಗೆಳತಿಗೆ ಹೇಳಿದರು. "ಆ ಅಪ್ಪ ಮಗಳು ಎಷ್ಟು ಚೆನ್ನಾಗಿ ಕುಣೀತಾರೆ ನೋಡು. ಪಾಪ, ಅಪ್ಪನಿಗೆ ಕೈಲಾಗಲ್ಲ, ಆದ್ರೂ ಮಗಳಿಗೋಸ್ಕರ ಬಂದಿದ್ದಾನೆ."

ಮೇಷ್ಟ್ರು ಅಜ್ಜಿಯನ್ನು ನೋಡಿದರು. ಕೆಳಗೆ ನೋಡಿದರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ಜೋಡಿಗೆ ನಾಲ್ಕನೇ ಸ್ಥಾನ ಬಂತು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಕೆಳಗಿಳಿದು ಓಣಿಗೆ ಬಂದರು. ನೃತ್ಯಶಾಲೆಯವರೆಲ್ಲ ಸುತ್ತ ಸೇರಿದರು. "ಹೇಳಿದ ಹಾಗೆ ಅರ್ಧ ಬದಲಾಯಿಸ್ತೀನಿ," ಎಂದರು.

ಹೀರೋ ಇದಕ್ಕೆ ಮಾತು ತಯಾರಿಸಿಕೊಂಡೇ ಬಂದಿದ್ದ. ಚಿಟ್ಟೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಸುತ್ತಲಿನವರಿಗೂ ಕೇಳಿಸುವ ಹಾಗೆ ಶುರುಮಾಡಿದ. "ಬೇಜಾರು ಮಾಡ್ಕೋಬೇಡ ಕಣೇ. ಇಪ್ಪತ್ತೆರಡು ವರ್ಷ ಯಾರಿಗೆ ಸಿಗುತ್ತೆ ಹೇಳು. ವಯಸ್ಸು ಅನ್ನೋದು ಯಾರನ್ನೂ ಬಿಡಲ್ಲ. ನೀನು ಮನೇಲಿ ಆರಾಮಾಗಿ..."

"ನಾಳೆಯಿಂದ ಅವಳು ಹಲ್ಲಿನ ಡಾಕ್ಟರ ಜೊತೆ ಅಭ್ಯಾಸ ಮಾಡ್ಲಿ," ಎಂದರು ಮೇಷ್ಟ್ರು.

"ಯಾರು ಮೇಷ್ಟ್ರೇ?"

"ನಿನ್ನ ಹೆಂಡತಿ ಕಣಯ್ಯ. ದೊಡ್ಡ ಸ್ಪರ್ಧೆಗೆ ಹೋಗೋಳು ಅವಳೇ ತಾನೆ."

ಹಲ್ಲಿನ ಡಾಕ್ಟರು ಸಂಜೆಯ ತರಗತಿಗೆ ಬರುವ, ಮೂವತ್ತೆಂಟು ವರ್ಷದ, ಏಣಿಯಂಥ ಮನುಷ್ಯ. ತನ್ನ ಹೆಸರು ಬಂದದ್ದಕ್ಕೆ ಗಾಬರಿಯಾಗಿ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹೀರೋ ಇನ್ನೂ ಚಿಟ್ಟೆಯ ಕೈ ಹಿಡಿದೇ ಇದ್ದ. ಸಮಾಧಾನ ಯಾರು ಯಾರಿಗೆ ಮಾಡುತ್ತಿದ್ದಾರೆ ಎಂಬುದು ಮಾತ್ರ ಅದಲುಬದಲಾಗಿತ್ತು. ಅವನು ಹೊಸ ಹುಡುಗಿಯ ಕಡೆ ನೋಡಿದ. ಅಲ್ಲಿ ಒಂದು ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಅವನಿಗೆ ಆಗಲೂ ಇತ್ತು. ಬೆಳಿಗ್ಗೆಯವರೆಗೆ ಅವನನ್ನು ಸರ್ ಎನ್ನುತ್ತಿದ್ದ ಆ ಹುಡುಗಿ ಕನಿಕರದಿಂದ ಹೇಳಿದಳು. "ಹೋಗ್ಲಿ ಬಿಡಿ ಅಂಕಲ್. ನೀವೂ ಎಷ್ಟು ಅಂತ ಕುಣೀತೀರ."

ಮನೆಗೆ ಬಂದ ಮೇಲೆ ಅವನು ಮೂರು ವಾರ ಮಾತಾಡಲಿಲ್ಲ. ಚಿಟ್ಟೆ ಊಟ ಬಡಿಸಿದಳು, ಇಸ್ತ್ರಿ ಮಾಡಿದಳು, ಕಾದಳು. ಅಕ್ಕನ ಮನೆಗೆ ಹೋಗಿ ಹೇಳಿದ್ದೇನು ಎಂಬುದನ್ನು ಅವನ ಬಾಯಿಂದಲೇ ಕೇಳಬೇಕಿತ್ತು ಅವಳಿಗೆ. ತಪ್ಪಾಯಿತು ಎಂದರೆ ಕ್ಷಮಿಸಲೂ ತಯಾರಿದ್ದಳು. ನಾಲ್ಕನೇ ವಾರ ಅವನು ಪೇಪರಿನ ಹಿಂದಿನಿಂದ ಬಾಯಿಬಿಟ್ಟ. "ಆ ಡಾಕ್ಟರ ಅಂಗೈ ತುಂಬ ಬೆವರುತ್ತಂತೆ, ಹೌದಾ?" ಅಂದಿನಿಂದ ಅವಳೂ ಕಾಯುವುದನ್ನು ಬಿಟ್ಟಳು.

ಇತ್ತ ಹೆಂಗಸರ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಥೆ ಕೊಬ್ಬಿ ಬೆಳೆಯಿತು. ಬಣ್ಣದಕ್ಕ ನಾದಿನಿಗಾಗಿ ಒಡಹುಟ್ಟಿದವನನ್ನೇ ಬಲಿಕೊಟ್ಟಳು ಎಂದರು ಕೆಲವರು. ಕಂದು ಬಣ್ಣಕ್ಕೆ ಒಲೆಯ ಬೂದಿ ಬೆರೆಸಿದ್ದಳು, ಬೆವರಿದರೆ ಸುಕ್ಕು ಏಳುವ ಪುಡಿ ಅವಳ ಬಳಿ ಇದೆ, ಮೂವತ್ತು ವರ್ಷದಿಂದ ಈ ಒಂದು ದಿನಕ್ಕೇ ಕಾದಿದ್ದಳು ಎಂದರು ಇನ್ನು ಕೆಲವರು. ಗಂಡಂದಿರ ಮೇಲೆ ಕಣ್ಣಿಟ್ಟಿದ್ದ ಹೆಂಡತಿಯರು ಆ ಪುಡಿ ಸ್ವಲ್ಪ ಸಿಗಬಹುದೇ ಎಂದು ಗುಟ್ಟಾಗಿ ವಿಚಾರಿಸಿದ್ದೂ ಉಂಟು. ಬಣ್ಣದಕ್ಕ ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರವರ ಗದ್ದ ಮೂಗುಗಳನ್ನು ಬೈದು ಕಳಿಸಿದಳು.

ಚಿಟ್ಟೆ ಮಾತ್ರ ಕಥೆಯನ್ನು ಪೂರ್ತಿ ನಂಬಿದಳು. ತನಗಾಗಿ ಈ ಲೋಕದಲ್ಲಿ ಒಬ್ಬರಾದರೂ ಒಂದು ಘೋರ ಕೆಲಸ ಮಾಡಿದ್ದಾರೆ ಎನ್ನುವುದು ಅವಳಿಗೆ ಆಗ ಬೇಕಿತ್ತು. ದೊಡ್ಡ ಸ್ಪರ್ಧೆಯ ದಿನ ಮತ್ತೆ ಅದೇ ಥರದ ಕುರ್ಚಿಯಲ್ಲಿ ಕುಳಿತಾಗ, ಹೊರಗೆ ಡಾಕ್ಟರು ಅಂಗೈಗೆ ಪೌಡರು ಹಾಕಿಕೊಳ್ಳುತ್ತಿದ್ದಾಗ, ತಡೆಯಲಾರದೆ ಅತ್ತಿಗೆಯ ಕೈ ಹಿಡಿದಳು.

"ಅತ್ತಿಗೆ, ಯಾರಿಗೂ ಹೇಳಲ್ಲ. ನನಗೋಸ್ಕರ ತಾನೆ ಅವತ್ತು ಅವರಿಗೆ ಹಾಗೆ ಮಾಡಿದ್ದು?"

ಬಣ್ಣದಕ್ಕ ಕೈ ಬಿಡಿಸಿಕೊಂಡು ಬ್ರಶ್ಶಿನ ತುದಿ ಸರಿಮಾಡಿದಳು.

"ನಾನೇನೂ ಮಾಡ್ಲಿಲ್ಲ ಕಣೇ. ಅವನಿಗೆ ಐವತ್ತಾರು ವರ್ಷ."